ನಾಯಿಗಾಡಿ ಏರುವ ಹುಚ್ಚು

ನಮ್ಮ ಗೆಳೆಯರಲ್ಲಿ ಕೆಲವರಿಗೆ ಸಾಹುಕಾರರ ಊರಾದ ಡ್ಯಾನ್‌ವಿಲ್‌ನಲ್ಲಿ ಈಜುಕೊಳದ ಮನೆ ಬೇಕು. ನನಗೆ ಒಂದೇ ಆಸೆ: ಹಿಮದಲ್ಲಿ ನಾಯಿಗಳು ಎಳೆಯುವ ಗಾಡಿಯ ಹಿಂದೆ ನಿಂತು ಒಮ್ಮೆ ಹೋಗಬೇಕು. ಮಿಲ್ಪಿಟಾಸ್ ಆಫೀಸಿನಲ್ಲಿ ಅಂಥದೊಂದು ಚಿತ್ರವನ್ನು ಮೇಜಿನೆದುರು ಅಂಟಿಸಿಕೊಂಡಿದ್ದೆ. ಮೀಟಿಂಗು ಉದ್ದವಾದಷ್ಟೂ ಆ ನಾಯಿಗಳು ನನ್ನನ್ನು ದೂರ ಕರೆದೊಯ್ಯುತ್ತಿದ್ದವು. ರಿಟೈರಾದ ಮೇಲೆ ನಿಜಕ್ಕೂ ಹೊರಟೆ ನೋಡಿ, ಅಲ್ಲಿಂದ ಶುರು, ಒಂದಲ್ಲ ಒಂದು ಫಜೀತಿ.

೧. ತಾಲೀಮು

ಸನ್ನಿವೇಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಹಸ್ಕಿ ನಾಯಿ ಸಾಕಿದ್ದಾರೆ. ಗಾಡಿ ಎಳೆಯುವ ಜಾತಿ. "ನಾನು ವಾಕಿಂಗು ಮಾಡಿಸುತ್ತೇನೆ" ಎಂದು ಕರೆದೊಯ್ದು, ನನ್ನನ್ನೂ ಎಳೆಯಲಿ ಅಂತ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೆ. ಎರಡು ರಸ್ತೆ ದಾಟಿದ್ದೇ, ಅದು ಯಾರದೋ ಹುಲ್ಲಿನ ಮೇಲೆ ನೀರು ಚಿಮ್ಮುವ ಕಡೆ ಹೋಗಿ ಅಂಗಾತ ಮಲಗಿತು. ಗದರಿಸಿದೆ, ಬೇಡಿಕೊಂಡೆ. ಏಳಲಿಲ್ಲ. ಕೊನೆಗೆ ಮನೆಗೆ ಫೋನು ಮಾಡಿ ಮೊಮ್ಮಗಳ ಆಟದ ಗಾಡಿ ತರಿಸಿ, ಅದರಲ್ಲಿ ನಾಯಿಯನ್ನು ಮಲಗಿಸಿ ಏದುಸಿರು ಬಿಡುತ್ತಾ ಎಳೆದೆ.

ಗಾಡಿಯ ಜೊತೆ ಬಂದಿದ್ದ ಮೊಮ್ಮಗಳು ಚಪ್ಪಾಳೆ ತಟ್ಟಿದಳು: "ತಾತಾ, ಯೂ ಆರ್ ದ ಡಾಗ್!"

೨. ನಿಂತ ಗಾಡಿ

ಆಮೇಲೆ ಟಾಹೋ ಬೆಟ್ಟದಲ್ಲಿ ನಾಯಿಗಾಡಿ ಸವಾರಿ ಬುಕ್ ಮಾಡಿದೆ. ಹೋದರೆ ಬರೀ ಕೆಸರು. ಆ ಸಲ ಹಿಮವೇ ಸರಿಯಾಗಿ ಬಿದ್ದಿರಲಿಲ್ಲ. ನಾಯಿಗಳು ಬಿಸಿಲು ಕಾಯಿಸುತ್ತಿದ್ದವು.

"ಗಾಡಿ ಹತ್ತಿ ಫೋಟೋ ಆದರೂ ತೆಗೆಸಿಕೊಳ್ಳಿ ಸರ್," ಅಂದ ಟೂರಿನವ.

ಹತ್ತಿ ನಿಂತೆ. ಎದುರಿಗೆ ಪೈನ್ ಮರಗಳ ನಡುವೆ ದಾರಿ ಏರುತ್ತಾ ಹೋಗಿ ಮರೆಯಾಗುತ್ತಿತ್ತು. ಆ ತಿರುವಿನಾಚೆ ಏನಿದೆಯೋ ಎಂದು ಜೀವ ಎಳೆಯಿತು. ಎಷ್ಟು ಹೊತ್ತು ನಿಂತಿದ್ದೆನೋ, ನನ್ನ ಹೆಂಡತಿ ಭುಜ ತಟ್ಟಿದಳು.

"ಇಳೀರಿ. ನಿಮ್ಮ ಸ್ಟಾಪು ಬಂತು."

೩. ಅಲಾಸ್ಕ

ಕೊನೆಗೆ ಅಲಾಸ್ಕಕ್ಕೇ ಹೋದೆವು. ಇವಳಿಗೆ ನಾಯಿ ಕಂಡರಾಗದು. "ನಿಮ್ಮ ಹುಚ್ಚಿಗೆ ನಾನ್ಯಾಕ್ರೀ ಬಲಿ?" ಎಂದು ಗೊಣಗುತ್ತಲೇ ಕಂಬಳಿ ಹೊದ್ದು ಗಾಡಿಯೊಳಗೆ ಕೂತಳು. ಹಿಂದೆ ಹಲಗೆಯ ಮೇಲೆ ನಿಂತು ಹಿಡಿಕೆ ಹಿಡಿದ ನಾನು, ನನ್ನ ಪಕ್ಕದಲ್ಲಿ ಗಾಡಿ ನಡೆಸುವಾಕೆ. ಮುಂದೆ ಹತ್ತು ನಾಯಿಗಳು, ಹೊರಡುವ ಆತುರಕ್ಕೆ ಒಂದೇ ಸಮ ಬೊಗಳುತ್ತಿದ್ದವು.

"ಏನೇ ಆಗಲಿ, ಹಿಡಿಕೆ ಬಿಡಬೇಡಿ," ಅಂದಳು ಆಕೆ. "ದಾರಿ ಇಕ್ಕಟ್ಟು. ಹೊರಟ ಮೇಲೆ ತಿರುಗಿಸೋಕಾಗಲ್ಲ, ಸುತ್ತು ಮುಗಿಸಿಯೇ ಬರಬೇಕು."

ತಲೆಯಾಡಿಸಿದೆ. ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಆಕೆ ಕೂಗು ಹಾಕಿದಳು. ಗಾಡಿ ಅಲುಗಿತು.

ಬಸ್ಸಿರಲಿ, ವಿಮಾನವಿರಲಿ, ಹೊರಟ ಕೂಡಲೇ ಕೈ ಮುಗಿಯುವ ಜನ ನಾವು. ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಭಕ್ತಿಯಿಂದ ಮುಗಿದೆ.

ಕಣ್ಣು ಬಿಟ್ಟಾಗ ಹಿಮದಲ್ಲಿ ಕೂತಿದ್ದೆ. ಗಾಡಿ ಕಾಡಿನಂಚಿನಲ್ಲಿ ಚುಕ್ಕೆಯಾಗಿ ಮಾಯವಾಯಿತು. ಅದು ಬಿಟ್ಟುಹೋದ ಎರಡು ಗೆರೆಗಳನ್ನು ನೋಡುತ್ತಾ ಮುಕ್ಕಾಲು ಗಂಟೆ ನಿಂತೆ.

ಗಾಡಿ ಮರಳುವ ಹೊತ್ತಿಗೆ ಮುಂದಿನ ಸರದಿಯವರು ಸಾಲುಗಟ್ಟಿದ್ದರು. ಇವಳು ಕೆನ್ನೆ ಕೆಂಪಗಾಗಿ ಇಳಿದವಳೇ ಸಾಲಿನ ತುದಿಯಲ್ಲಿದ್ದ ನಾಯಿಯ ಕತ್ತು ತಬ್ಬಿಕೊಂಡು ನನ್ನ ಕಡೆ ತಿರುಗಿದಳು.

"ರೀ, ಏನು ಚೆನ್ನಾಗಿತ್ತು ಗೊತ್ತಾ! ನೀವೂ ಬರಬೇಕಿತ್ತು."