ಕೆಂಪು ಬಸ್ಸಿನಲ್ಲಿ ದೊಡ್ಡವ್ವನ ನಿದ್ದೆ

ನಮ್ಮ ದೊಡ್ಡವ್ವನಿಗೆ ಮಲಗಲು ಹಾಸಿಗೆ ಬೇಡ, ದಿಂಬು ಬೇಡ, ಒಂದು ಕೆಂಪು ಬಸ್ಸು ಸಾಕು ಎಂದರೆ ನಂಬುತ್ತೀರಾ? ಮೊದಮೊದಲು ನಾವೂ ನಂಬಿರಲಿಲ್ಲ!

ಇದು ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡಿನ ಮನೆಯಲ್ಲಿ ದೊಡ್ಡವ್ವ, ದೊಡ್ಡಪ್ಪ, ನಾನು ಮೂವರೇ. ದೊಡ್ಡವ್ವನಿಗೆ ಮುಟ್ಟು ನಿಲ್ಲುವ ವಯಸ್ಸು. ಅದು ನಿಲ್ಲುವ ಬದಲು ವಿಪರೀತವಾಯಿತು. ಗರ್ಭಕೋಶ ತೆಗೆಯಲೇಬೇಕು ಎಂದರು ಡಾಕ್ಟರಮ್ಮ. ರಾತ್ರಿಯೆಲ್ಲ ಮೈ ಕಾದು ಬೆವರುವುದು, ನಿದ್ದೆ ಹಾರಿಹೋಗುವುದು ಹಾರ್ಮೋನಿನ ಏರುಪೇರಿನಿಂದ ಎಂದೂ ವಿವರಿಸಿದರು. ಮಾತ್ರೆ ಬರೆದುಕೊಟ್ಟು, "ನಿದ್ದೆ ಇಲ್ದೆ ಬಿಪಿ ಏರಿದೆ. ಅದು ಇಳಿಯೋವರೆಗೂ ಆಪರೇಷನ್ ಮಾಡಕ್ಕಾಗಲ್ಲ. ಹೇಗಾದ್ರೂ ಮಾಡಿ ನಿದ್ದೆ ಮಾಡಿ" ಎಂದರು.

ಮಾತ್ರೆಗೆ ನಿದ್ದೆ ಬಗ್ಗಲಿಲ್ಲ. ಬೀದಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬಳು ಗಸಗಸೆ ಪಾಯಸ ಎಂದಳು, ಇನ್ನೊಬ್ಬಳು ಅಂಗಾಲಿಗೆ ಹರಳೆಣ್ಣೆ ಎಂದಳು. ಯಾರ ಮನಸ್ಸೂ ನೋಯಬಾರದೆಂದು ದೊಡ್ಡವ್ವ ಎರಡನ್ನೂ ಒಂದೇ ದಿನ ಮಾಡಿದಳು. ಪಾಯಸ ಕುಡಿದು ಗೊರಕೆ ಹೊಡೆದವರು ದೊಡ್ಡಪ್ಪ. ಅವಳ ಎಣ್ಣೆ ಹೆಜ್ಜೆಯ ಮೇಲೆ ಕಾಲಿಟ್ಟು ಜಾರಿದವರೂ ಅವರೇ!

ನಿದ್ದೆ ಬಾರದ ದೊಡ್ಡವ್ವ ನಾವು ಏಳುವಷ್ಟರಲ್ಲಿ ನೆನೆಸಿದ ಅವರೆಕಾಳನ್ನೆಲ್ಲ ಹಿತುಕಿ ಮುಗಿಸಿರುತ್ತಿದ್ದಳು. ಸುದ್ದಿ ಹಬ್ಬಿತು. ಸಂಜೆಯಾದರೆ ಅಕ್ಕಪಕ್ಕದವರೂ ಪಾತ್ರೆ ಹಿಡಿದು ಬರತೊಡಗಿದರು. "ಎಂಗೂ ಎದ್ದಿರ್ತೀಯಲ್ಲಕ್ಕ, ನಮ್ದೂವೆ ಇಸುಕ್ಬುಡು!"

ಆಗಲೇ ಟಿ. ನರಸೀಪುರದ ಹತ್ತಿರದ ಸೋಸಲೆಯಲ್ಲಿ, ನೆಂಟರ ಮನೆಯಲ್ಲಿ ನಾಮಕರಣ ಬಂತು. ಬಸ್ಸು ನಂಜನಗೂಡು ದಾಟುವ ಮೊದಲೇ ದೊಡ್ಡವ್ವ ಪಕ್ಕದ ಅಪರಿಚಿತೆಯ ಹೆಗಲಿಗೆ ಒರಗಿದ್ದಳು. ಟಿ. ನರಸೀಪುರದವರೆಗೂ ಎಚ್ಚರವಿಲ್ಲ! ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವಳಿಗೆ ಚಿಂತೆ ಹೊತ್ತುಕೊಂಡೂ ಸಂತೆಯಂಥ ಬಸ್ಸಿನಲ್ಲಿ ನಿದ್ದೆ ಬಂದಿತ್ತು.

ಮರುದಿನ ಊಟವಾದ ಮೇಲೆ ಒಳ್ಳೆಯ ಸೀರೆಯುಟ್ಟು ಹೊರಟಳು.

"ಎಲ್ಲಿಗೆ ದೊಡ್ಡವ್ವ?"

"ನರಸೀಪುರಕ್ಕೆ."

"ಯಾಕೆ?"

"ಮನಿಕ್ಕಳಕ್ಕೆ ಕಣ್ಮಗ!"

ಹೋಗುತ್ತಾ ಒಂದು ನಿದ್ದೆ, ನರಸೀಪುರದಲ್ಲಿ ಒಂದು ಕಾಫಿ, ಬರುತ್ತಾ ಇನ್ನೊಂದು ನಿದ್ದೆ. ಇದೇ ದಿನಚರಿಯಾಯಿತು. ಕಂಡಕ್ಟರ್ ಕಿಟಕಿ ಪಕ್ಕದ ಸೀಟಿಗೆ ತನ್ನ ಟವಲನ್ನೇ ಹಾಕಿ ಕಾಯತೊಡಗಿದ. ಒಮ್ಮೆ ಅವನು ಕನಿಕರಪಟ್ಟು, "ಮೆಲ್ಲಗೆ ಓಗಣ್ಣ, ಅವ್ವ ಮನಗವ್ಳೆ" ಎಂದು ಡ್ರೈವರಿಗೆ ಹೇಳಿದನಂತೆ. ದೊಡ್ಡವ್ವ ತಟ್ಟನೆ ಎದ್ದು ಗದರಿದಳು: "ಯಾಕಪ್ಪ ನಿದಾನ ಮಾಡ್ದೆ? ಬಸ್ಸು ಕುಲುಕ್ದೆ ನಂಗೆ ನಿದ್ದೆ ಬತ್ತದಾ?"

ಅಂತೂ ಬಿಪಿ ಇಳಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ವಾರ್ಡಿಗೆ ತಂದು ಮಲಗಿಸಿದರು. ಪಕ್ಕದ ಹಾಸಿಗೆಯವಳು ಕಣ್ಣು ಬಿಟ್ಟಳು, ಗಂಟಲು ಒದ್ದೆ ಮಾಡಲು ನೀರನ್ನೂ ಕೇಳಿದಳು. ನಮ್ಮವಳು ಅಲುಗಲಿಲ್ಲ. "ಅರಿವಳಿಕೆಯ ಮತ್ತು ಇನ್ನೂ ಇಳಿದಿಲ್ಲ, ಹೆದರಬೇಡಿ" ಎಂದರು ನರ್ಸು. ನಾನು ಹೆದರಿದೆ. ನಿದ್ದೆ ಮಾಡು ಎಂದು ಇಷ್ಟು ದಿನ ಅಂಗಲಾಚಿದವಳು ನಾನೇ. ಈಗ ಆ ನಿದ್ದೆಯನ್ನು ನೋಡಲಾಗಲಿಲ್ಲ. ಹೆತ್ತವ್ವನ ಮುಖವೇ ನೆನಪಿಲ್ಲದ ನನ್ನನ್ನು ಸಾಕಿದವಳು ಇವಳು, ತನ್ನದೆನ್ನುವ ಮಕ್ಕಳಿಲ್ಲದವಳು. ಕೆನ್ನೆ ತಟ್ಟಿದೆ. ಮಾತು ಬಂದಾಗಿನಿಂದ ದೊಡ್ಡವ್ವ ಎಂದೇ ಕರೆದಿದ್ದ ನನ್ನ ಬಾಯಲ್ಲಿ ಅಂದು ಬೇರೆಯೇ ಬಂತು.

"ಅವ್ವಾ, ಏಳವ್ವಾ..."

ರೆಪ್ಪೆ ಅದುರಿತು. ಕಣ್ಣು ಬಿಡದೆಯೇ ನನ್ನ ಬೆರಳು ಹಿಡಿದುಕೊಂಡಳು.

"ಎದ್ದಿವ್ನಿ ಕಣ್ಮಗ. ಇನ್ನೊಂದ್ಸಲ ಅಂಗೇ ಕರಿ."