ಎರಡು ಟ್ಯಾಂಕರ್ ಕುಡಿದ ನಮ್ಮ ಹಿತ್ತಲಿನ ಕೊಳವೆಬಾವಿಗೆ

ಮಾನ್ಯ ಕೊಳವೆಬಾವಿಯವರೇ,

ಮುನ್ನೂರ ನಲವತ್ತು ಅಡಿ ಆಳದಲ್ಲಿ ತಂಪಾಗಿ ವಿರಾಜಮಾನರಾಗಿರುವ ತಮಗೆ, ನೆಲದ ಮೇಲೆ ಖಾಲಿ ಬಕೆಟ್ ಹಿಡಿದು ನಿಂತಿರುವ ಮನೆಮಂದಿಯ ಪರವಾಗಿ ನಮಸ್ಕಾರಗಳು. ನಿನ್ನೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತಾವು ನಮ್ಮ ಎರಡು ಟ್ಯಾಂಕರ್ ನೀರನ್ನು ಕುಡಿದು, ಅದರಲ್ಲೇ ಒಂದಿಷ್ಟನ್ನು ತಮ್ಮದೇ ಎಂಬಂತೆ ನಮಗೆ ತಿರುಗಿ ಕೊಟ್ಟು, ಆಮೇಲೆ ಏನೂ ಅರಿಯದವರಂತೆ ಸುಮ್ಮನಾದಿರಿ ಎಂಬುದು ಈ ಪತ್ರದ ದೂರು.

ತಮ್ಮ ಮೇಲೆ ನಮಗೆ ಹಗೆಯಿಲ್ಲ. ಹನ್ನೊಂದು ವರ್ಷಗಳ ಹಿಂದೆ ತಮ್ಮನ್ನು ಕೊರೆದ ದಿನ ತಾವು ಎರಡು ಇಂಚು ನೀರು ಚಿಮ್ಮಿಸಿ, ರಿಗ್ಗಿನವರನ್ನೂ ನಮ್ಮ ಭಾವನ ಹೊಸ ಅಂಗಿಯನ್ನೂ ಸಮಾನ ಪ್ರೀತಿಯಿಂದ ತೋಯಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮರುವರ್ಷ ಒಂದೂವರೆ ಇಂಚಾದಿರಿ, ಆಮೇಲೆ ಒಂದಾದಿರಿ. ಈಗ ದಿನಕ್ಕೆ ಲೆಕ್ಕವಿಟ್ಟು ಹನ್ನೊಂದು ಬಕೆಟ್ ಕೊಟ್ಟು, ಹನ್ನೆರಡನೆಯದಕ್ಕೆ ಬರೀ ಗಾಳಿ ಬಿಟ್ಟು ಕೆಮ್ಮುತ್ತೀರಿ. ಇಂಥ ಶಿಸ್ತನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ತಮ್ಮನ್ನೇ ನಂಬಿ ನಮ್ಮ ಅಕ್ಕ ಹಿತ್ತಲಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸುತ್ತಾಳೆ. ಅಂಗಡಿ ಉಳಿಯಲೆಂದು ತಮ್ಮ ಸೇವೆಯಲ್ಲಿ ನಾವು ಯಾವ ಕೊರತೆಯನ್ನೂ ಮಾಡಲಿಲ್ಲ. ಪಂಪನ್ನು ನಲವತ್ತು ಅಡಿ ಕೆಳಗಿಳಿಸಿದೆವು. ಕಂಪ್ರೆಸರ್ ತರಿಸಿ, ಗಾಳಿ ಊದಿಸಿ, ತಮ್ಮ ಹೊಟ್ಟೆ ತೊಳೆಸಿದೆವು. ತಾವು ಕಕ್ಕಿದ ಕೆಸರು ಒಣಹಾಕಿದ್ದ ಹದಿನಾರು ದಿಂಬಿನ ಕವರುಗಳ ಮೇಲೆ ಬಿತ್ತು, ಅವನ್ನು ಮತ್ತೆ ಒಗೆಯಲು ತಮ್ಮಲ್ಲಿ ನೀರಿರಲಿಲ್ಲ. ಕೊನೆಗೆ, ಎಲ್ಲರೂ ಬಾವಿ ಡಾಕ್ಟರ್ ಎಂದು ಕರೆಯುವ ಮೆಕ್ಯಾನಿಕ್ ಬಂದರು. ಹೊರಗಿನ ನೀರನ್ನು ಭಾರಿ ಒತ್ತಡದಲ್ಲಿ ಒಳಗೆ ನುಗ್ಗಿಸಿದರೆ ಬಂಡೆಯ ಬಿರುಕುಗಳು ಬಾಯಿ ಬಿಟ್ಟು ಒರತೆ ಹೆಚ್ಚುತ್ತದೆ ಎಂದರು. ತಾವು ಎರಡು ಟ್ಯಾಂಕರನ್ನೂ ಗಟಗಟನೆ ಕುಡಿದಿರಿ. ಕೂಡಲೇ ಪಂಪ್ ಹಾಕಿ ಅಳೆದರೆ, ಎಂಟು ಸೆಕೆಂಡಿಗೊಂದು ಬಕೆಟ್! "ಇದು ಬಾವಿಯಲ್ಲ ರೀ, ಹೊಳೆ!" ಎಂದರು ಡಾಕ್ಟರು. "ಈಜುಕೊಳಕ್ಕೆ ಜಾಗ ನೋಡ್ಲಾ?" ಎಂದರು ಭಾವ.

ಅದೇ ಖುಷಿಯಲ್ಲಿ ಅಕ್ಕ ಬೀದಿಯಾಚೆಯ ಲಾಡ್ಜಿನಿಂದ ನಲವತ್ತು ಬೆಡ್‌ಶೀಟ್ ತರಿಸಿ ಸೋಪಿನಲ್ಲಿ ನೆನೆಹಾಕಿದಳು. ಜಾಲಾಡುವ ಹೊತ್ತಿಗೆ ತಾವು ಕೆಮ್ಮಿದಿರಿ. ನಲವತ್ತು ಬೆಡ್‌ಶೀಟುಗಳೂ ಇಂದಿಗೂ ನೊರೆಯಲ್ಲೇ ಇವೆ. "ನಾಳೆ ಸಂಜೆ ರೂಮೆಲ್ಲ ಭರ್ತಿ ಅಕ್ಕಾ, ಶೀಟ್ ಬರ್ಲಿಲ್ಲ ಅಂದ್ರೆ ಇನ್ಮೇಲೆ ಬೇರೆ ಕಡೆ ಕೊಡ್ತೀವಿ" ಎಂದು ಲಾಡ್ಜಿನ ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ್ದಾರೆ.

ಒಳಗೆ ಬಿಟ್ಟ ನೀರನ್ನೆಲ್ಲ ಮೊದಲು ಹೊರಗೆ ತೆಗೆದು, ಒಂದು ದಿನ ಬಿಟ್ಟು ಅಳೆಯಬೇಕು ಎಂದು ನನ್ನ ಕಪಾಟಿನಲ್ಲೇ ಇರುವ ಅಂತರ್ಜಲದ ಪುಸ್ತಕದ ನೂರ ಹನ್ನೆರಡನೇ ಪುಟದಲ್ಲಿದೆ. ಆ ಸಾಲಿನ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದಿದ್ದೇನೆ. ನಿನ್ನೆ ಗಡಿಯಾರ ಹಿಡಿದುಕೊಂಡು "ಈಗ್ಲೇ ಅಳೀರಿ, ಈಗ್ಲೇ" ಎಂದು ಅವಸರ ಮಾಡಿದ್ದು ನಾನೇ ಎಂದು ಅಕ್ಕ ಹೇಳುತ್ತಾಳೆ. ಅದು ನಿಜವೇ ಇರಲಿ, ಒಳಗಿನ ಸಂಗತಿ ಬಲ್ಲ ತಾವಾದರೂ ಒಂದು ಮಾತು ಹೇಳಬಹುದಿತ್ತು.

ಆದ್ದರಿಂದ, ಇನ್ನು ಮುಂದೆ ರಜೆ ಹಾಕುವುದಿದ್ದರೆ ಹಿಂದಿನ ದಿನವೇ, ಕಾರಣ ಸಹಿತ, ಬರಹದಲ್ಲಿ ತಿಳಿಸಬೇಕು. ಇಟ್ಟುಕೊಂಡಿರುವ ಉಳಿದ ನೀರನ್ನು ಹಿಂದಿರುಗಿಸಬೇಕು. ಸಾಧ್ಯವಿಲ್ಲವಾದರೆ ಖುದ್ದಾಗಿ ಮೇಲೆ ಬಂದು ಇಪ್ಪತ್ತು ಬೆಡ್‌ಶೀಟುಗಳನ್ನಾದರೂ ಹಿಂಡಿ ಹೋಗಬೇಕು. ನಾಳೆ ಬೆಳಿಗ್ಗೆ ಏಳಕ್ಕೆ, ಅಕ್ಕ, ಭಾವ, ಡಾಕ್ಟರು ಮತ್ತು ಮ್ಯಾನೇಜರ್ ಎಲ್ಲರ ಸಮ್ಮುಖದಲ್ಲಿ, ಹಿತ್ತಲಿನ ನಲ್ಲಿಯ ಮೂಲಕ, ಒಂದು ಗಂಟೆ ಎಡೆಬಿಡದೆ ತಾವು ಬಹಿರಂಗ ಉತ್ತರ ಕೊಡಬೇಕು. ಗಾಳಿಯ ರೂಪದ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.

ಸೋಪಿನ ಕೈಯಲ್ಲೇ ಸಹಿ ಮಾಡಿರುವ
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯ ಅಕ್ಕನ ಸಹೋದರ

ವಿ.ಸೂ.: ಪಕ್ಕದ ಮನೆಯ ಮೇಷ್ಟ್ರ ಬಾವಿ, ಯಾವ ಚಿಕಿತ್ಸೆಯೂ ಇಲ್ಲದೆ, ನಿನ್ನೆ ಮಧ್ಯಾಹ್ನದಿಂದ ಧಾರಾಳವಾಗಿ ನೀರು ಕೊಡುತ್ತಿದೆ. "ನೀವು ಏನೋ ಮಾಡಿಸಿದ್ರಂತಲ್ಲ, ಬಹಳ ಒಳ್ಳೇದಾಯ್ತು ಕಣಯ್ಯಾ! ಬೇಕಾದ್ರೆ ಶೀಟ್ ಇಲ್ಲೇ ಜಾಲಾಡ್ಕೊಳ್ಳಿ" ಎಂದು ಅವರು ಕಾಂಪೌಂಡಿನ ಮೇಲಿಂದ ಇಣುಕಿ ಈಗಷ್ಟೇ ಹೇಳಿದರು. ಅಕ್ಕ ನಲವತ್ತನ್ನೂ ಹೊತ್ತುಕೊಂಡು ಹೊರಟಿದ್ದಾಳೆ. ನಮ್ಮ ನೀರನ್ನು ನಮಗೇ ದಾನ ಮಾಡಿ ಅವರು ದೊಡ್ಡವರಾಗುತ್ತಿದ್ದಾರೆ. ತಮ್ಮ ಬಿರುಕು ಯಾರ ಮನೆಯ ಕಡೆಗೆ ಬಾಯಿ ಬಿಟ್ಟಿದೆ ಎಂಬುದನ್ನೂ ನಾಳೆ ಎಲ್ಲರೆದುರು ಸ್ಪಷ್ಟಪಡಿಸತಕ್ಕದ್ದು.