ನಾಯಕ ಅತ್ತ ದಿನ

ಧಾರಾವಾಹಿಗೆ ಸಂಭಾಷಣೆ ಬರೆಯುವುದು ಲೋಕದ ಅತಿ ಸುಲಭ ಕೆಲಸ! ಹೀಗಂತ ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿಯವನಿಂದ ಹಿಡಿದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ಮೂರು ವರ್ಷ ಹಿರಿಯ ಲೇಖಕರೊಬ್ಬರ ಕೈಕೆಳಗೆ ದುಡಿದು ಸೂತ್ರ ಕಲಿತಿದ್ದೆ. ಗಂಡಸು ಕಮ್ಮಿ ಮಾತಾಡಬೇಕು, ಆಡಿದ್ದು ತೀರ್ಪಿನ ಹಾಗಿರಬೇಕು. ಹೆಂಗಸು ಎರಡು ಪುಟ ಮಾತಾಡಿ, ನಡುವೆ ಮೂರು ಸಲ ಕ್ಷಮೆ ಕೇಳಿ, ಕೊನೆಗೆ ಅಳಬೇಕು. ಅಷ್ಟೇ!

ಕೊನೆಗೂ ಒಂದು ಕಂತನ್ನು ನಾನೊಬ್ಬನೇ ಬರೆಯುವ ಭಾಗ್ಯ ಬಂತು. ಚೆನ್ನಾಗಿ ಬಂದರೆ ಕೆಲಸ ಖಾಯಂ. ಕೆಟ್ಟರೆ ಮತ್ತೆ ಹಿರಿಯರ ಕೈಬರಹ ಟೈಪ್ ಮಾಡುತ್ತಾ ಕೂರಬೇಕು. ಹುರುಪಿನಲ್ಲಿ ಒಂದೇ ಪಟ್ಟಿಗೆ ಕೂತು ಬರೆದೆ. ಟೈಪಿಂಗ್ ಉಳಿಸಲು ನಾಯಕನಿಗೆ ಒಂದು, ನಾಯಕಿಗೆ ಎರಡು ಅಂತ ಅಂಕಿ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲ ಕಡೆ ಒಟ್ಟಿಗೆ ಹೆಸರು ತುಂಬುವುದು ನನ್ನ ಜಾಣತನ. ಅವತ್ತು ಅವಸರದಲ್ಲಿ ಒಂದಕ್ಕೆ ನಾಯಕಿಯ ಹೆಸರು ಕೊಟ್ಟೆ, ಎರಡಕ್ಕೆ ನಾಯಕನದು. ತಿರುಗಿ ಓದದೆ ಕಳಿಸಿದೆ. ನೆಮ್ಮದಿಯಾಗಿ ದೋಸೆ ತಿಂದೆ.

ಹನ್ನೊಂದಕ್ಕೆ ಕೆಂಗೇರಿಯಲ್ಲಿ ಶೂಟಿಂಗ್ ನಡೆಯುತ್ತಿದ್ದ ಮನೆಯಿಂದ ನಿರ್ದೇಶಕರ ಫೋನು.

“ಏನ್ರೀ ಇದು? ಹೀರೋ ಅಳ್ತಾ ಇದಾನೆ!”

ಫೈಲ್ ತೆಗೆದು ನೋಡಿದೆ. ನಾಯಕನ ಮಾತೆಲ್ಲ ನಾಯಕಿಗೆ, ನಾಯಕಿಯದೆಲ್ಲ ನಾಯಕನಿಗೆ! ಆಟೋ ಹಿಡಿದು ಓಡಿದೆ. ಪ್ರಸಾರ ಅವತ್ತು ಸಂಜೆಯೇ ಇದ್ದುದರಿಂದ ಅವರು ಕಾಯದೆ, ‘ಕಣ್ರೀ’ ಇದ್ದಲ್ಲಿ ‘ಕಣೇ’, ‘ಬಾ’ ಇದ್ದಲ್ಲಿ ‘ಬನ್ನಿ’ ಅಂತಷ್ಟೇ ತಿದ್ದಿಕೊಂಡು ಚಿತ್ರೀಕರಣ ಶುರು ಮಾಡಿಬಿಟ್ಟಿದ್ದರು. ಹುರಿಮೀಸೆಯ ನಾಯಕ ಮೂಗು ಒರೆಸಿಕೊಳ್ಳುತ್ತಾ, “ನಂದೇ ತಪ್ಪು ಕಣೇ. ನಿನ್ನ ಕೇಳದೆ ಸೈಟ್ ಮಾರೋಕೆ ಹೊರಟೆ. ಕ್ಷಮಿಸಿಬಿಡು, ಮಾತು ಮಾತ್ರ ಬಿಡಬೇಡ,” ಎಂದು ಬಿಕ್ಕುತ್ತಿದ್ದ. ನಾಯಕಿ ಕೈಕಟ್ಟಿ ನಿಂತು, “ಸೈಟ್ ಮಾರಲ್ಲ. ಮುಖ ತೊಳ್ಕೊಂಡು ಊಟಕ್ಕೆ ಬನ್ನಿ,” ಎಂದಳು. ಕಟ್ ಅಂದದ್ದೇ ತಡ, ಕ್ಯಾಮೆರಾದವರು ಚಪ್ಪಾಳೆ ಹೊಡೆದರು!

ನಾಯಕಿ ನನ್ನ ಹತ್ತಿರ ಓಡಿಬಂದಳು. “ಸಾರ್, ಎರಡು ವರ್ಷದಿಂದ ಗ್ಲಿಸರಿನ್ ಹಾಕ್ಕೊಂಡು ಕಣ್ಣೇ ಉರಿದುಹೋಗಿತ್ತು. ನೀವು ದೇವ್ರು!”

ನಾಯಕ ನನ್ನ ಕೈ ಹಿಡಿದು ಕುಲುಕಿದ. “ಗುರು, ಬರೀ ಹೂಂ ಹೂಂ ಅಂದು ನಂಗೆ ಮಾತೇ ಮರೆತುಹೋಗಿತ್ತು. ಎರಡು ಪುಟ ಡೈಲಾಗ್ ಕೊಟ್ಯಲ್ಲ!”

ನಾನು ಗಂಟಲು ಸರಿಪಡಿಸಿಕೊಂಡು, “ಸಮಾಜಕ್ಕೆ ಒಂದು ಸಂದೇಶ ಕೊಡೋಣ ಅಂತ ಬೇಕಂತಲೇ ಬರೆದೆ,” ಎಂದೆ. ನಾಚಿಕೆಯೇ ಆಗಲಿಲ್ಲ!

ಸಂಜೆ ಅಕ್ಕಪಕ್ಕದವರೆಲ್ಲ ನಮ್ಮ ಟೀವಿ ಮುಂದೆ ಸೇರಿದರು. ನಾಯಕ ಬಿಕ್ಕಿದಾಗ ಎದುರು ಮನೆ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಎಷ್ಟು ಸಹಜವಾಗಿದೆ! ಎಂಥ ಕಲ್ಪನೆ ನಿಮ್ದು!”

“ಕಲ್ಪನೆ ಎಲ್ಲಿಂದ ಬಂತು ಆಂಟಿ?” ಎಂದಳು ನನ್ನ ಹೆಂಡತಿ ಶಾರದಾ. “ಹೋದ ಭಾನುವಾರ ನಮ್ಮ ಅಡುಗೆಮನೇಲಿ ನಡೆದಿದ್ದೇ ಇದು. ಆ ಹೀರೋ ಇವರಿಗಿಂತ ಕಮ್ಮಿ ಅತ್ತ.”

ಮನೆ ತುಂಬ ನಗು! ನನ್ನ ಗುಟ್ಟು ರಟ್ಟಾಯಿತು. ಶಾರದೆಯ ತೀರ್ಮಾನಗಳನ್ನು ನಾಯಕನ ಬಾಯಿಗೂ, ನನ್ನ ಗೋಳನ್ನು ನಾಯಕಿಯ ಬಾಯಿಗೂ ತುರುಕಿ ಲೇಖಕ ಅನ್ನಿಸಿಕೊಳ್ಳಲು ಹೊರಟವನು ನಾನು. ಆ ಒಂದು ತಪ್ಪಿನಿಂದ ಮಾತುಗಳು ಅವರವರ ಬಾಯಿಗೇ ಹೋಗಿ ಸೇರಿದ್ದವು.

ಮರುದಿನ ಕೆಲಸ ಖಾಯಂ ಆಯಿತು. ದಿನವೂ ಇಂಥದ್ದೇ ಬೇಕಂತೆ! ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಶಾರದೆಯ ಮುಂದೆ ಕೈಮುಗಿದೆ. “ಏನಾದ್ರೂ ಅನ್ನೇ. ಎರಡೇ ಎರಡು ಮಾತು ಬೈಯೇ!”

ಅವಳು ಒಮ್ಮೆ ಲ್ಯಾಪ್‌ಟಾಪ್ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಆಫೀಸಿಗೆ ಹೊರಟುಹೋದಳು. ಇವತ್ತಿಗೆ ನಾಲ್ಕು ದಿನ. ಅವಳು ಬಾಯಿ ಬಿಟ್ಟಿಲ್ಲ. ನಾನು ಒಂದು ಸಾಲೂ ಬರೆದಿಲ್ಲ!